ಕೇಪು ಸಿಡಿಯುತ್ತದೆ, ಮದ್ದು ಹತ್ತಿಕೊಳ್ಳುವುದಿಲ್ಲ: ಅಜ್ಜನ ಕೋವಿ ಸರಿಯಾದ ಕಥೆ

ಕಾಸರಗೋಡು ಜಿಲ್ಲೆಯ ದೇಲಂಪಾಡಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಂಗಗಳನ್ನು ಬೆದರಿಸಲು ಅಜ್ಜನ ಕಾಲದ ಲೈಸೆನ್ಸ್ ಇರುವ ಕೇಪಿನ ಕೋವಿ ಇದೆ. ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು ಎಂಬ ಸಿಡಿಯುವ ಸಣ್ಣ ಟೋಪಿ ಕೂರಿಸಿ ಹೊಡೆಯುವಂಥದ್ದು; ಕೇಪಿನ ಕಿಡಿಯಿಂದಲೇ ಒಳಗಿನ ಮದ್ದು ಹತ್ತಿಕೊಳ್ಳಬೇಕು. ಗುಂಡು ಹಾಕುವುದಿಲ್ಲ, ಬರೀ ಮದ್ದು, ಮೇಲೆ ತೆಂಗಿನ ನಾರು. ಹಿಂದೆ ಇದರಲ್ಲೇ ಜಿಂಕೆ, ಕಡವೆ ಹೊಡೆಯುತ್ತಿದ್ದರಂತೆ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ನಿಂತದ್ದು ಒಳ್ಳೆಯದೇ ಆಯಿತು.

ಈ ಮಳೆಗಾಲದಲ್ಲಿ ಕೇಪು ಮಾತ್ರ ಟಪ್ ಎನ್ನುತ್ತಿತ್ತು, ಅಷ್ಟೇ. ಮದ್ದಿಗೆ ತೇವ ಹಿಡಿದಿದೆ ಅಂದುಕೊಂಡು ಹೊಸ ಮದ್ದು ತಂದೆ. ಆದರೂ ಅದೇ ಕಥೆ. ಇಂಥ ಹೊತ್ತಲ್ಲಿ ಕೋವಿಯ ಬಾಯಿಯನ್ನು ಖಾಲಿ ಗುಡ್ಡದ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಲೇಬೇಕು, ತಡವಾಗಿ ಸಿಡಿಯುವುದೂ ಉಂಟು. ಆಮೇಲೆ ನೀರು ಹೊಯ್ದು ಮದ್ದು ಪೂರ್ತಿ ನೆನೆಸಿ, ಬಲ್ಲವರೊಬ್ಬರ ಕೈಯಲ್ಲಿ ನಾರು ತೆಗೆಸಿದೆ.

ತಪ್ಪು ನನ್ನದೇ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಮಸಿಯಾಗಿ ಉಳಿಯುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ನಾನು ಅದನ್ನು ತೊಳೆಯದೆ ಸುಮ್ನೆ ಎಣ್ಣೆ ಸುರಿದು ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದೆ. ಎಣ್ಣೆ ಇಳಿದು, ಮಸಿ ಜೊತೆ ಅಂಟಾಗಿ, ಕೇಪು ಕೂರಿಸುವ ಮೊಳೆಯಲ್ಲಿ ಕಿಡಿ ಮದ್ದಿಗೆ ಹೋಗುವ ಸಣ್ಣ ತೂತು ಮುಚ್ಚಿಹೋಗಿತ್ತು!

ಮೊಳೆ ಬಿಚ್ಚಿ ಸೋಪು ಹಾಕಿದ ಬಿಸಿನೀರಲ್ಲಿ ನೆನೆಸಿ, ತೆಳು ತಂತಿಯಲ್ಲಿ ತೂತು ಬಿಡಿಸಿದೆ. ನಳಿಗೆಯನ್ನೂ ನೀರು ತಿಳಿಯಾಗುವ ತನಕ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಈಗ ಇಡುವುದು ಬಾಯಿ ಕೆಳಗೆ ಮಾಡಿಯೇ. ಮದ್ದು ತುಂಬುವ ಮೊದಲು, ಖಾಲಿ ಕೋವಿಯ ಬಾಯಿಯನ್ನು ಒಂದು ಒಣ ಎಲೆಯ ಹತ್ತಿರ ಹಿಡಿದು ಬರೀ ಕೇಪು ಹೊಡೆಯುತ್ತೇನೆ. ಎಲೆ ಅಲ್ಲಾಡಿದರೆ ದಾರಿ ತೆರೆದಿದೆ.