ಮಕ್ಕಳ ಕಣ್ಣು, ಮೊಬೈಲು: ಕನ್ನಡಕದ ಅಂಗಡೀಲಿ ಕೂತು ನಾನು ಮಾಡ್ತಿರೋದು

ತುಮಕೂರಲ್ಲಿ ನಂದೊಂದು ಸಣ್ಣ ಕನ್ನಡಕದ ಅಂಗಡಿ ಇದೆ, ಓದಿರೋದು ಆಪ್ಟೋಮೆಟ್ರಿ, ಕಣ್ಣು ಟೆಸ್ಟ್ ಮಾಡೋದೂ ನಾನೇ. ಮುಂಚೆ ಮಕ್ಕಳು ಅಂದ್ರೆ ಹೈಸ್ಕೂಲ್ ಹುಡುಗ್ರೇ ಜಾಸ್ತಿ ಬರೋರು, "ಬೋರ್ಡ್ ಕಾಣ್ತಿಲ್ವಂತೆ ಸಾರ್" ಅಂತ. 2020ರ ಲಾಕ್‌ಡೌನು, ಆನ್‌ಲೈನ್ ಕ್ಲಾಸು ಎಲ್ಲ ಆದ್ಮೇಲೆ ಒಂದ್ನೇ ಕ್ಲಾಸು ಎರಡ್ನೇ ಕ್ಲಾಸಿನವ್ರೂ ಮೈನಸ್ ಪವರ್ ಇಟ್ಕೊಂಡು ಬರೋಕೆ ಶುರುವಾದ್ರು. ನಮ್ಮೂರಲ್ಲಿ ಮಾತ್ರ ಅಲ್ಲ ಬಿಡಿ, ಚೀನಾದ ಫೆಯ್‌ಚೆಂಗ್‌ನಲ್ಲಿ ಸ್ಕೂಲ್ ಮಕ್ಕಳನ್ನ ವರ್ಷವರ್ಷ ಟೆಸ್ಟ್ ಮಾಡ್ತಿದ್ರು, ಅಲ್ಲಿ 6 ವರ್ಷದವ್ರಲ್ಲಿ ಸಮೀಪದೃಷ್ಟಿ (ದೂರದ್ದು ಮಂಜಾಗಿ ಮೈನಸ್ ಪವರ್ ಬೇಕಾಗೋದು) 2019ರವರೆಗೆ 5.7% ದಾಟಿರ್ಲಿಲ್ಲ, 2020ರಲ್ಲಿ 21.5% ಆಯ್ತು.

ಬಂದ ಅಪ್ಪ ಅಮ್ಮ ಎಲ್ರದ್ದೂ ಒಂದೇ ಮಾತು, "ಬರೀ ಮೊಬೈಲ್ ಸಾರ್, ನೀವೇ ಸ್ವಲ್ಪ ಬೈದು ಹೇಳಿ". ನಾನು ಬಯ್ಯಲ್ಲ. ಬೈಸ್ಕೊಂಡ ಮಗು ಮುಂದೆ ಕಣ್ಣು ಮಂಜಾದ್ರೂ ಮನೇಲಿ ಬಾಯಿ ಬಿಡಲ್ಲ. ಅದರ ಬದಲು ನನ್ ಫೋನ್ ಕೈಗೆ ಕೊಟ್ಟು, ಮನೇಲಿ ಹೆಂಗ್ ನೋಡ್ತೀಯೋ ತೋರ್ಸು ಪುಟ್ಟಾ ಅಂತೀನಿ. ಒಂದು ಗೇಣೂ ದೂರ ಇರಲ್ಲ, ಕೆಲವ್ರು ಮೂಗಿಗೇ ತಾಗಿಸ್ಕೊಂಡಿರ್ತಾರೆ. ಆಮೇಲೆ ಮುಷ್ಟಿ ಕಟ್ಟಿ ಗಲ್ಲದ ಕೆಳಗೆ ಇಟ್ಕೋ ಅಂತೀನಿ, ಮೊಣಕೈ ಎಲ್ಲಿ ಬಂತೋ ಪುಸ್ತಕ ಆಗ್ಲಿ ಫೋನ್ ಆಗ್ಲಿ ಅದಕ್ಕಿಂತ ಹತ್ರ ಬರಂಗಿಲ್ಲ. ಇದು ಮಕ್ಕಳಿಗೆ ಆಟ ಥರ ಹಿಡಿಸಿಬಿಡತ್ತೆ, ಮನೇಗೆ ಹೋಗಿ ಅಜ್ಜಿಗೂ ಅಳತೆ ತಗೀತಾರಂತೆ. ಕಾರ್ಟೂನ್ ಬೇಕೇ ಬೇಕು ಅಂದ್ರೆ ಟಿವೀಲಿ ಹಾಕಿ, ಎಂಟ್ಹತ್ತು ಅಡಿ ದೂರ ಕೂರ್ಸಿ, ಅಷ್ಟು ದೂರದ್ದು ನೋಡೋಕೆ ಕಣ್ಣು ಅಷ್ಟೊಂದು ಒದ್ದಾಡಬೇಕಾಗಿಲ್ಲ. ಇನ್ನೊಂದು ಕಾಟ ಅಂದ್ರೆ ವಾಟ್ಸಾಪಲ್ಲಿ ಬರೋ ಹೋಮ್‌ವರ್ಕು, ಅಷ್ಟು ಸಣ್ಣ ಫೋಟೋನ ಜೂಮ್ ಮಾಡ್ಕೊಂಡು ಮಗು ಕಾಪಿ ಮಾಡ್ತಾ ಕೂರತ್ತೆ. ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗ್ಸಿ, ಇಲ್ಲಾಂದ್ರೆ ನೀವೇ ಓದಿ ಹೇಳಿ ಬರೆಸಿ.

ಆದ್ರೆ ನಾನು ಜಾಸ್ತಿ ಹೊತ್ತು ಮಾತಾಡೋದು ಹೊರಗಡೆ ಆಡೋದ್ರ ಬಗ್ಗೆ. ಫೋನ್ ಕಿತ್ಕೊಂಡು ಮಗುನ ಒಳಗೇ ಕೂರಿಸಿ ಟ್ಯೂಷನ್ ಓದ್ಸಿದ್ರೆ ಕಣ್ಣಿಗೆ ದೊಡ್ಡ ಲಾಭ ಏನಿಲ್ಲ. ಚೀನಾದ ಗುವಾಂಗ್‌ಜೌನಲ್ಲಿ ಒಂದ್ನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಹೊರಗಡೆ ಕ್ಲಾಸ್ ಸೇರ್ಸಿ ಮೂರು ವರ್ಷ ನೋಡಿದ್ರು, ಹೊಸದಾಗಿ ಸಮೀಪದೃಷ್ಟಿ ಬಂದೋರು ಅಲ್ಲಿ 30.4%, ಮಾಮೂಲಿ ಸ್ಕೂಲುಗಳಲ್ಲಿ 39.5%. ತೈವಾನ್ ಅಂತೂ 2010ರಿಂದ ಸ್ಕೂಲ್ ಮಕ್ಕಳಿಗೆ ದಿನಾ 120 ನಿಮಿಷ ಹೊರಗಡೆ ಅನ್ನೋ ಗುರಿ ಇಟ್ಕೊಂಡಿದೆ. ಒಳ್ಳೆ ಬೆಳಕು ಬಿದ್ರೆ ಕಣ್ಣಿನ ಹಿಂದಿನ ಪರದೆ ರೆಟಿನಾದಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗಿ ಕಣ್ಣುಗುಡ್ಡೆ ಉದ್ದ ಬೆಳೆಯೋದು ನಿಧಾನ ಆಗತ್ತೆ ಅಂತಾರೆ, ಆ ಉದ್ದ ಆಗೋದೇ ಮೈನಸ್ ಪವರ್ ಏರೋಕೆ ಕಾರಣ. "ಬಿಸ್ಲಲ್ಲಿ ಕಪ್ಪಗಾಗ್ತಾಳೆ ಸಾರ್" ಅಂತಾರೆ ತಾಯಂದ್ರು. ಬಿಸ್ಲಲ್ಲೇ ನಿಲ್ಬೇಕು ಅಂತ ಯಾರ್ ಹೇಳಿದ್ರು ಮೇಡಂ, ಹೊಂಗೆ ಮರದ ನೆರಳು ಸಾಕು! ಟ್ಯೂಬ್‌ಲೈಟ್ ರೂಮಲ್ಲಿ ಮುನ್ನೂರು ನಾನೂರು ಲಕ್ಸ್ (ಬೆಳಕಿನ ಅಳತೆ) ಇದ್ರೆ ಹೆಚ್ಚು, ಹಗಲು ಹೊತ್ತು ಹೊರಗಡೆ ನೆರಳಲ್ಲೂ ಸಾವಿರಾರು ಇರತ್ತೆ. ಹೊರಗಡೆ ಆಡೋದು ಪವರ್ ಬರೋಕ್ ಮುಂಚೆ ಚೆನ್ನಾಗಿ ಕೆಲಸ ಮಾಡತ್ತೆ, ಬಂದ್ಮೇಲೆ ಅಷ್ಟಕ್ಕಷ್ಟೆ. ಅದಕ್ಕೇ ಯಾರಿಗಾದ್ರೂ ಕನ್ನಡಕ ಬಂದ್ರೆ ಮನೇಲಿ ತಮ್ಮನೋ ತಂಗಿಯೋ ಇದಾರಾ ಅಂತ ಕೇಳ್ತೀನಿ, ನಿಜವಾಗ್ಲೂ ಕಾಪಾಡಬಹುದಾದ ಕಣ್ಣು ಅವ್ರದ್ದೇ.

ಸ್ಕ್ರೀನಿನ ನೀಲಿ ಬೆಳಕು ತಡೆಯೋ ಬ್ಲೂ ಕಟ್ ಲೆನ್ಸ್ ಹಾಕ್ಕೊಡಿ ಅಂತ ದಿನಾ ಕೇಳ್ತಾರೆ. ಹಾಕಿದ್ರೆ ನಂಗೆ ಲಾಭಾನೇ, ಆದ್ರೂ ಮಕ್ಕಳಿಗೆ ಬೇಡ ಅಂತೀನಿ. ಬೇರೆ ಬೇರೆ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡೋ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೇಲಿ ಕಣ್ಣಿನ ಸುಸ್ತಿಗೂ ಅದರಿಂದ ಪ್ರಯೋಜನ ಕಾಣ್ಲಿಲ್ಲ. ಕಣ್ಣು ಉರಿಯೋದು ಸ್ಕ್ರೀನ್ ನೋಡ್ತಾ ರೆಪ್ಪೆ ಬಡಿಯೋದೇ ಮರೆಯೋದ್ರಿಂದ, ಆಗಾಗ ಕಿಟಕಿ ಆಚೆ ದೂರ ನೋಡಿದ್ರೆ ಎಷ್ಟೋ ಆರಾಮ್ ಆಗತ್ತೆ.

ಮೊದಲ್ನೇ ಸಲ ಪವರ್ ಬಂದ ಮಗುಗೆ ನಾನು ಅವತ್ತೇ ಕನ್ನಡಕ ಕೊಡಲ್ಲ, ಕಣ್ಣಿನ ಡಾಕ್ಟ್ರ ಹತ್ರ ಡ್ರಾಪ್ಸ್ ಹಾಕ್ಸಿ ಟೆಸ್ಟ್ ಮಾಡಿಸ್ಕೊಂಡ್ ಬನ್ನಿ ಅಂತ ಕಳಿಸ್ತೀನಿ. ಮಕ್ಕಳ ಕಣ್ಣು ಬಿಗಿ ಹಿಡಿದು ಫೋಕಸ್ ಮಾಡತ್ತೆ, ಡ್ರಾಪ್ಸ್ ಆ ಬಿಗಿ ಸಡಿಲ ಮಾಡತ್ತೆ, ಅದಿಲ್ದೆ ನೋಡಿದ್ರೆ ಇಲ್ದಿರೋ ಮೈನಸ್ ಬರ್ಬೋದು. ಊರಿಂದ ಬಂದೋರು ಬಸ್ ತಪ್ಪತ್ತೆ ಅಂತ ಗೊಣಗ್ತಾರೆ, ಪರ್ವಾಗಿಲ್ಲ. ಇನ್ನು ಕನ್ನಡಕ ಹಾಕಿದ್ರೆ ನಂಬರ್ ಏರತ್ತೆ, ಸ್ವಲ್ಪ ಕಮ್ಮಿ ಪವರ್ ಕೊಡಿ ಅನ್ನೋರಿಗೆ ಖಡಾಖಂಡಿತ ಆಗಲ್ಲ ಅಂತೀನಿ, ಕಮ್ಮಿ ಕೊಟ್ರೆ ಏರೋದು ನಿಲ್ಲಲ್ಲ, ಮಗುಗೆ ಬೋರ್ಡ್ ಕಾಣಲ್ಲ ಅಷ್ಟೆ.

ವರ್ಷಕ್ಕೆ ನಂಬರ್ ಅರ್ಧ (0.50) ಪವರ್‌ಗಿಂತ ಜಾಸ್ತಿ ಏರ್ತಿದ್ರೆ ಮತ್ತೆ ಡಾಕ್ಟ್ರ ಹತ್ರಾನೇ ಕಳಿಸ್ತೀನಿ. ಅವ್ರು ನೋಡಿ ಬೇಕಾದ್ರೆ ಪವರ್ ಏರೋದನ್ನ ನಿಧಾನ ಮಾಡೋ ಕಮ್ಮಿ ಡೋಸ್ ಅಟ್ರೋಪಿನ್ ಡ್ರಾಪ್ಸ್ ಬರೀತಾರೆ, ರಾತ್ರಿ ಮಲಗೋವಾಗ ಹಾಕೋದು. ಅಣ್ಣನಿಗೆ ಬರೆದ ಆ ಡ್ರಾಪ್ಸ್ ತಂಗಿಗೂ ಒಂದೊಂದ್ ಹನಿ ಬಿಡೋರು ಇದಾರೆ, ಅದೊಂದು ಮಾಡ್ಬೇಡಿ, ಅವಳನ್ನೂ ಕರ್ಕೊಂಡ್ ಬನ್ನಿ.