ಒಂದೇ ಗೇರಿನ ಸೈಕಲ್ಲಿಗೆ ಎಷ್ಟು ಹಲ್ಲು ಹಾಕೋದು? ಮೊದಲು ನಿಮ್ಮ ಕಾಲನ್ನ ಕೇಳಿ

ಫಿಕ್ಸೀನೋ (ಚಕ್ರದ ಜೊತೆ ಪೆಡಲೂ ತಿರುಗ್ತಾನೇ ಇರೋ ಸೈಕಲ್) ಸಿಂಗಲ್ ಸ್ಪೀಡೋ (ಒಂದೇ ಗೇರು, ಆದ್ರೆ ಕಾಲು ನಿಲ್ಲಿಸ್ಬಹುದು) ಕಟ್ಟಿಸೋಕೆ ಹೊರಟವರು ಮೊದಲು ಕೇಳೋದೇ "ಎಷ್ಟಕ್ಕೆಷ್ಟು ಹಾಕ್ಸಲಿ?" ಅಂತ. ಅದಕ್ಕೆ ನಾಲ್ಕು ಜನ ನಾಲ್ಕು ನಂಬರ್ ಹೇಳ್ತಾರೆ, 46-16 (ಮುಂದೆ 46 ಹಲ್ಲು, ಹಿಂದೆ 16) ಹಾಕು, 48-17 ಹಾಕು, 44-16 ಸಾಕು ಬಿಡು. ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ಅದು ಅವರ ಕಾಲಿಗೆ, ಅವರು ಓಡಾಡೋ ರಸ್ತೆಗೆ ಹೊಂದಿದ ನಂಬರ್. ಗೇರ್ ಸೈಕಲ್ಲಾದ್ರೆ ಭಾರ ಅನ್ನಿಸಿದ ತಕ್ಷಣ ಬೆರಳಲ್ಲೇ ಬದಲಾಯಿಸ್ಬಹುದು, ಇಲ್ಲಿ ಹಾಕಿದ್ದೇ ಗೇರು, ಏರಿಗೂ ಅದೇ ಇಳಿಜಾರಿಗೂ ಅದೇ ಎದುರುಗಾಳಿಗೂ ಅದೇ, ಹಾಗಾಗಿ ಅರ್ಧ ಗಂಟೆ ಕೂತು ಲೆಕ್ಕ ಹಾಕೋದು ಖಂಡಿತ ದಂಡ ಅಲ್ಲ.

ಲೆಕ್ಕ ಸುಲಭ. ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ) ಹಲ್ಲುಗಳನ್ನ ಹಿಂದಿನ ಕಾಗ್ (ಹಿಂದಿನ ಚಕ್ರದ ಹಲ್ಲುಚಕ್ರ) ಹಲ್ಲುಗಳಿಂದ ಭಾಗಿಸಿ. 46ನ್ನ 16ರಿಂದ ಭಾಗಿಸಿದ್ರೆ 2.875, ಇದೇ ರೇಶಿಯೋ, ಅಂದ್ರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರ 2.875 ಸುತ್ತು ತಿರುಗುತ್ತೆ. 700ಸಿ ಅನ್ನೋ ಅಳತೆಯ ಚಕ್ರಕ್ಕೆ 25 ಎಂಎಂ ಟೈರ್ ಇದ್ರೆ ಸುತ್ತಳತೆ ಸುಮಾರು 2.1 ಮೀಟರ್, ಗುಣಿಸಿದ್ರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 6 ಮೀಟರ್ ಮುಂದೆ ಹೋಗುತ್ತೆ. ಕೆಲವರು ಇದನ್ನೇ ಗೇರ್ ಇಂಚಲ್ಲಿ ಹೇಳ್ತಾರೆ, ರೇಶಿಯೋವನ್ನ ಚಕ್ರದ ವ್ಯಾಸದ ಇಂಚಿಂದ ಗುಣಿಸೋದು. ಮುಂದೆ ದೊಡ್ಡ ಚಕ್ರ ಇದ್ದು ಪೆಡಲ್ ನೇರ ಅದಕ್ಕೇ ಇರ್ತಿದ್ದ ಕಾಲದ ಅಳತೆ ಅದು. ನಾನು ಮೀಟರ್ ಲೆಕ್ಕಾನೇ ಇಷ್ಟಪಡ್ತೀನಿ, ಸ್ಪೀಡಿಗೆ ಹೊಂದಿಸಿ ನೋಡೋದು ಸಲೀಸು.

ಕಾಲು ಎಷ್ಟು ಸಲ ತಿರುಗುತ್ತೆ, ಎಣಿಸಿ

ಈಗ ಓಡಿಸ್ತಿರೋ ಯಾವ ಸೈಕಲ್ಲಾದ್ರೂ ಸರಿ. ಸಮತಟ್ಟಾದ ಖಾಲಿ ರಸ್ತೇಲಿ, ಗಾಳಿ ಇಲ್ಲದ ಹೊತ್ತಲ್ಲಿ, ಪಕ್ಕದಲ್ಲಿ ಬರೋರ ಜೊತೆ ಮಾತಾಡ್ಕೊಂಡು ಹೋಗೋವಷ್ಟು ಆರಾಮಾಗಿ ಓಡಿಸ್ತಾ, ಬಲಗಾಲು ಕೆಳಗೆ ಬರೋದನ್ನ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಅದೇ ನಿಮ್ಮ ಕ್ಯಾಡೆನ್ಸ್. ಹೊಸಬರದ್ದು 60ರಿಂದ 70ರ ಸುಮಾರು ಇರುತ್ತೆ, ರೂಢಿ ಆದವರದ್ದು 80-90. ಆಗ ಎಷ್ಟು ಸ್ಪೀಡಲ್ಲಿದ್ರಿ ಅನ್ನೋದನ್ನೂ ಬರೆದಿಟ್ಕೊಳ್ಳಿ. ಇಲ್ಲಿ ದಯವಿಟ್ಟು ನಿಜ ಬರೀರಿ, ಹಿಂದಿಂದ ಗಾಳಿ ತಳ್ಳಿದ ದಿನದ ಸ್ಪೀಡ್ ಬೇಡ.

ಗಂಟೆಗೆ 25 ಕಿಮೀ, ಕ್ಯಾಡೆನ್ಸ್ 80 ಅಂತ ಇಟ್ಕೊಳ್ಳಿ. 25 ಕಿಮೀ ಅಂದ್ರೆ ನಿಮಿಷಕ್ಕೆ ಸುಮಾರು 417 ಮೀಟರ್, ಅದನ್ನ 80ರಿಂದ ಭಾಗಿಸಿದ್ರೆ ಸುತ್ತಿಗೆ 5.2 ಮೀಟರ್, ಅದನ್ನ 2.1ರಿಂದ ಭಾಗಿಸಿದ್ರೆ ರೇಶಿಯೋ 2.48. ಇದಕ್ಕೆ ಹತ್ತಿರ ಇರೋದು 42-17 ಅಥವಾ 40-16. ಇದೇ ವ್ಯಕ್ತಿ ಯಾರೋ ಹೇಳಿದ್ರು ಅಂತ 46-16 ಹಾಕ್ಸಿದ್ರೆ ಅದೇ 25ರ ಸ್ಪೀಡಲ್ಲಿ ನಿಮಿಷಕ್ಕೆ ಕಾಲು 69 ಸಲ ಮಾತ್ರ ತಿರುಗುತ್ತೆ, 80 ಬರ್ಬೇಕಂದ್ರೆ 29 ಕಿಮೀಗೆ ಏರಿಸ್ಬೇಕು, ದಿನಾ ಆ ಸ್ಪೀಡಲ್ಲಿ ಹೋಗೋಕಾಗುತ್ತಾ?

ದೊಡ್ಡ ಗೇರ್, ಅಂದ್ರೆ ರೇಶಿಯೋ ಜಾಸ್ತಿ ಇರೋದು, ಹಾಕಿದ್ರೆ ಜೋರಾಗಿ ಹೋಗ್ಬಹುದು ಅನ್ನೋರಿಗೆ ಒಂದು ಉದಾಹರಣೆ. ಒಂದು ಗಂಟೇಲಿ ಎಷ್ಟು ದೂರ ಅನ್ನೋ ಅವರ್ ರೆಕಾರ್ಡನ್ನ 1972ರಲ್ಲಿ ಬೆಲ್ಜಿಯಂನ ಸೈಕಲ್ ರೇಸರ್ ಎಡ್ಡಿ ಮೆರ್ಕ್ಸ್ ಮೆಕ್ಸಿಕೋ ಸಿಟೀಲಿ 52-14 ಹಾಕ್ಕೊಂಡು 49.431 ಕಿಮೀಗೆ ಒಯ್ದರು, 2022ರಲ್ಲಿ ಇಟಲಿಯ ಫಿಲಿಪ್ಪೋ ಗನ್ನಾ 65-14 ಹಾಕ್ಕೊಂಡು 56.792 ಕಿಮೀ ಓಡಿಸಿದ್ರು. ಮೇಲಿನ ಲೆಕ್ಕಾನೇ ಹಾಕಿ ನೋಡಿದ್ರೆ ನಿಮಿಷಕ್ಕೆ ಮೆರ್ಕ್ಸ್ ಕಾಲು 100ಕ್ಕೂ ಮೇಲೆ ತಿರುಗ್ತಿತ್ತು, ಗನ್ನಾ ಅವರದ್ದು 95ಕ್ಕಿಂತ ಮೇಲೆ. ಗೇರ್ ಅಷ್ಟು ದೊಡ್ಡದಾದ್ರೂ ಕಾಲು ನಿಧಾನ ಆಗಿಲ್ಲ. ಅಷ್ಟು ವೇಗವಾಗಿ ತಿರುಗಿಸೋ ಶಕ್ತಿ ಇತ್ತು, ಅದಕ್ಕೇ ಆ ಗೇರು, ಅದೂ ಏರಿಲ್ಲದ ಸಿಗ್ನಲ್ ಇಲ್ಲದ ಟ್ರ್ಯಾಕಲ್ಲಿ.

ಈಗ ಏರು

ದಿನಾ ಹೋಗೋ ದಾರೀಲಿ ಅತಿ ಕಡಿದಾದ ಏರು ಯಾವುದು ಅಂತ ನೆನೆಸ್ಕೊಳ್ಳಿ. ನೀವು ಮತ್ತು ಸೈಕಲ್ ಸೇರಿ 80 ಕೆಜಿ, ಏರು 10 ಪರ್ಸೆಂಟ್ (100 ಮೀಟರಿಗೆ 10 ಮೀಟರ್ ಮೇಲಕ್ಕೆ), ಕ್ರ್ಯಾಂಕ್ (ಪೆಡಲ್ ಹಿಡಿದಿರೋ ತೋಳು) 170 ಎಂಎಂ ಅಂದ್ಕೊಂಡ್ರೆ 46-16ರಲ್ಲಿ ಪೆಡಲ್ ಮೇಲೆ ಸರಾಸರಿ 45 ಕೆಜಿಯಷ್ಟು ಒತ್ತಡ ಹಾಕ್ತಾನೇ ಇರ್ಬೇಕು, 42-17ಕ್ಕೆ ಬಂದ್ರೆ ಅದು 39ಕ್ಕೆ ಇಳಿಯುತ್ತೆ. ಇದು ಬರೀ ಸರಾಸರಿ. ಪೆಡಲ್ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗಿದ್ದಾಗ ಬಲ ಹೆಚ್ಚುಕಮ್ಮಿ ಸಿಗೋದೇ ಇಲ್ಲ, ಆ ಕೊರತೆಯನ್ನೂ ಮಧ್ಯದಲ್ಲೇ ತುಂಬ್ಕೋಬೇಕು, ಆ ಹೊಡೆತ ಬೀಳೋದು ಮಂಡಿಗೆ. ಸೀಟಿಂದ ಎದ್ದು ನಿಂತು ಕಷ್ಟಪಟ್ಟಾದ್ರೂ ಹತ್ತೋಕಾದ್ರೆ ಪರವಾಗಿಲ್ಲ, ದಿನಾ ಇಳಿದು ತಳ್ಳೋ ಹಾಗಿದ್ರೆ ಹಿಂದೆ ಒಂದು ಹಲ್ಲು ಜಾಸ್ತಿ ಮಾಡಿ. ಮಂಡಿ ನೋವಿರೋರು ಯೋಚನೆನೇ ಮಾಡ್ಬೇಡಿ, ಹಗುರ ಗೇರೇ ಹಾಕಿ.

ಇಳಿಜಾರಿನ ಮಾತು ಬಂದ್ರೆ ಫಿಕ್ಸೆಡ್ಡಿಗೂ ಸಿಂಗಲ್ ಸ್ಪೀಡಿಗೂ ದಾರಿ ಬೇರೆ ಆಗುತ್ತೆ. ಫ್ರೀವೀಲ್ ಇದ್ರೆ ಕಾಲು ನಿಲ್ಲಿಸಿ ಸುಮ್ನೆ ಇಳೀಬಹುದು, ಹಾಗಾಗಿ ಏರನ್ನ ನೋಡಿ ಹಗುರ ಗೇರ್ ಹಾಕ್ಕೊಂಡ್ರೆ ಮುಗೀತು. ಫಿಕ್ಸೆಡ್ಡಲ್ಲಿ ಚಕ್ರ ತಿರುಗೋವರೆಗೂ ಪೆಡಲ್ ತಿರುಗ್ತಾನೇ ಇರುತ್ತೆ, 42-17 ಹಾಕ್ಕೊಂಡು 40 ಕಿಮೀ ಸ್ಪೀಡಲ್ಲಿ ಇಳಿದ್ರೆ ನಿಮಿಷಕ್ಕೆ ಕಾಲು 128 ಸಲ ತಿರುಗ್ಬೇಕು, 46-16ರಲ್ಲಾದ್ರೆ 110. ರೂಢಿ ಇಲ್ಲದವರು 120 ದಾಟಿದ್ರೆ ಸೀಟ್ ಮೇಲೆ ಕುಪ್ಪಳಿಸೋಕೆ ಶುರು ಮಾಡ್ತಾರೆ. ಹಾಗಂತ ಗೇರ್ ದೊಡ್ಡದು ಮಾಡೋ ಮುಂಚೆ ಮುಂದಿನ ಬ್ರೇಕ್ ಸರಿಯಾಗಿದ್ಯಾ ನೋಡಿ. ಬ್ರೇಕ್ ಇಲ್ಲದ ಫಿಕ್ಸೀ ರಸ್ತೇಲಿ ಬೇಡವೇ ಬೇಡ, ಈ ವಿಷಯದಲ್ಲಿ ನಾನು ರಾಜಿ ಆಗಲ್ಲ.

ಕೊಳ್ಳೋ ಮುಂಚೆ ಓಡಿಸಿ ನೋಡಿ

ಗೇರ್ ಸೈಕಲ್ ಇದ್ರೆ, ಇಲ್ಲಾಂದ್ರೆ ಯಾರದ್ದಾದ್ರೂ ಕೇಳಿ ತಂದ್ರೆ, ಲೆಕ್ಕದಲ್ಲಿ ಬಂದ ರೇಶಿಯೋಗೆ ಹತ್ತಿರ ಇರೋ ಗೇರಿಗೆ ಹಾಕಿ, ಮುಂದೆ 34 ಹಿಂದೆ 14 ಇದ್ರೆ 2.43, 34-13 ಆದ್ರೆ 2.62, ಆಮೇಲೆ ಶಿಫ್ಟರ್ ಮುಟ್ಟದೆ ದಿನದ ಪೂರ್ತಿ ದಾರಿ ಹೋಗಿ ಬನ್ನಿ. ಬೇರೆ ಬೇರೆ ದಿನ ಮಾಡಿ, ಎದುರುಗಾಳಿ ಇದ್ದ ದಿನ, ಸುಸ್ತಾದ ದಿನ, ಬೆನ್ನಿಗೆ ಬ್ಯಾಗಿರೋ ದಿನ. ಸಿಗ್ನಲ್ಲಲ್ಲಿ ನಿಂತು ಹೊರಡೋವಾಗ ಹೇಗಿತ್ತು ಅನ್ನೋದನ್ನ ವಿಶೇಷವಾಗಿ ಗಮನಿಸಿ, ಊರೊಳಗೆ ಓಡಾಡೋರಿಗೆ ಅದೇ ಮುಖ್ಯ.

ಹತ್ತಿರ ಬಂದ್ಮೇಲೆ ತಿದ್ದೋದು ಹೀಗೆ. ಹಿಂದೆ 16ರಿಂದ 17ಕ್ಕೆ ಹೋದ್ರೆ ಗೇರ್ ಸುಮಾರು 6 ಪರ್ಸೆಂಟ್ ಹಗುರ ಆಗುತ್ತೆ, ಮುಂದೆ 46ರಿಂದ 45ಕ್ಕೆ ಬಂದ್ರೆ ಬರೀ 2 ಪರ್ಸೆಂಟ್. ದೊಡ್ಡ ಬದಲಾವಣೆ ಬೇಕಂದ್ರೆ ಹಿಂದೆ, ಚೂರು ಬೇಕಂದ್ರೆ ಮುಂದೆ. ಫ್ರೀವೀಲಲ್ಲಿ ಸಾಮಾನ್ಯವಾಗಿ 16ಕ್ಕಿಂತ ಚಿಕ್ಕದು ಹುಡುಕೋದು ಕಷ್ಟ, ಅದನ್ನ ಇಟ್ಕೊಂಡೇ ಚೈನ್‌ರಿಂಗ್ ಆರಿಸಿ. ಫ್ಲಿಪ್-ಫ್ಲಾಪ್ ಹಬ್ (ಎರಡೂ ಕಡೆ ಹಲ್ಲುಚಕ್ರ ಹಾಕೋಕೆ ಬರೋ ಹಿಂದಿನ ಚಕ್ರದ ನಡುಭಾಗ) ಇದ್ರೆ ಎರಡು ಕಡೆ ಎರಡು ಅಳತೆ ಹಾಕಿ ಚಕ್ರ ತಿರುಗಿಸ್ಕೋಬಹುದು, ಟೂರ್ ಡಿ ಫ್ರಾನ್ಸಲ್ಲಿ 1937ರಲ್ಲಿ ಗೇರ್ ಬದಲಾಯಿಸೋ ಡಿರೈಲರ್‌ಗೆ ಒಪ್ಪಿಗೆ ಸಿಗೋವರೆಗೂ ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರ ತಿರುಗಿಸಿ ಹಾಕ್ಕೊಳ್ತಿದ್ರು.

ಫಿಕ್ಸೆಡ್ಡಲ್ಲಿ ಸ್ಕಿಡ್ ಮಾಡೋರು, ಅಂದ್ರೆ ಪೆಡಲ್ ತಡೆದು ಹಿಂದಿನ ಚಕ್ರ ಜಾರಿಸೋರು, ಇನ್ನೊಂದು ನೋಡ್ಬೇಕು. ಕಾಲು ಲಾಕ್ ಮಾಡಿದಾಗ ಟೈರ್ ಉಜ್ಜೋ ಜಾಗಗಳು ಎಷ್ಟು ಅನ್ನೋದು ಹಲ್ಲಿನ ಲೆಕ್ಕದ ಮೇಲೇ ನಿಂತಿದೆ. ಭಿನ್ನರಾಶಿ ಮಾಡಿ ಪೂರ್ತಿ ಚಿಕ್ಕದು ಮಾಡಿ, ಕೆಳಗೆ ಉಳಿದ ಅಂಕಿನೇ ಉತ್ತರ. 48-16 ಚಿಕ್ಕದು ಮಾಡಿದ್ರೆ 3/1, ಅಂದ್ರೆ ಪ್ರತಿಸಲ ಅದೇ ಒಂದು ಜಾಗ ಉಜ್ಜಿ ಉಜ್ಜಿ ಅಲ್ಲೇ ಟೈರ್ ತೂತಾಗುತ್ತೆ. 46-16 ಆದ್ರೆ 23/8, ಎಂಟು ಜಾಗ. 48-17 ಚಿಕ್ಕದಾಗೋದೇ ಇಲ್ಲ, ಹದಿನೇಳು. ಮೇಲಿನ ಅಂಕಿ ಬೆಸ ಇದ್ದು ಯಾವ ಕಾಲು ಮುಂದಿಟ್ಟಾದ್ರೂ ಸ್ಕಿಡ್ ಮಾಡೋಕೆ ಬರುತ್ತೆ ಅಂದ್ರೆ ಜಾಗ ಡಬಲ್. ಅದಕ್ಕೇ ಹಿಂದೆ 17 ಹಾಕೋರು ಅಷ್ಟೊಂದು ಜನ.

ಕಾಗ್ ಬದಲಾಯಿಸಿದಾಗ ಒಂದು ಹಲ್ಲಿಗೆ ಆ್ಯಕ್ಸಲ್ ಸುಮಾರು 3 ಎಂಎಂ ಹಿಂದೆ ಮುಂದೆ ಆಗುತ್ತೆ, ಫ್ರೇಮಿನ ಸ್ಲಾಟಲ್ಲಿ ಅಷ್ಟು ಜಾಗ ಇದ್ಯಾ ನೋಡಿ, ಇಲ್ಲಾಂದ್ರೆ ಚೈನ್ ಲಿಂಕ್ ತೆಗೀಬೇಕು ಅಥವಾ ಸೇರಿಸ್ಬೇಕು. ಚೈನನ್ನ ಮಧ್ಯದಲ್ಲಿ ಬೆರಳಲ್ಲಿ ಎತ್ತಿದ್ರೆ ಒಂದು ಸೆಂಟಿಮೀಟರ್ ಹತ್ತತ್ರ ಆಡ್ಬೇಕು, ಪೆಡಲ್ ನಿಧಾನ ತಿರುಗಿಸ್ತಾ ಅತಿ ಬಿಗಿ ಇರೋ ಜಾಗದಲ್ಲಿ ಪರೀಕ್ಷೆ ಮಾಡಿ. ಫಿಕ್ಸೆಡ್ ಕಾಗ್ ಸಡಿಲ ಆಗದ ಹಾಗೆ ಅದರ ಮೇಲೆ ಹಾಕೋ ಲಾಕ್‌ರಿಂಗ್ ಉಲ್ಟಾ ತ್ರೆಡ್ಡು, ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗುತ್ತೆ. ಕಾಗ್ ಬಿಗಿ ಮಾಡಿ, ಲಾಕ್‌ರಿಂಗ್ ಹಾಕಿ, ಒಂದು ಸಣ್ಣ ಏರು ಹತ್ತಿ ಬಂದ್ಮೇಲೆ ಲಾಕ್‌ರಿಂಗನ್ನ ಮತ್ತೊಂದ್ಸಲ ಬಿಗಿ ಮಾಡಿ, ಯಾಕಂದ್ರೆ ಏರಲ್ಲಿ ತುಳಿದ ಬಲಕ್ಕೆ ಕಾಗ್ ಇನ್ನೊಂಚೂರು ಒಳಗೆ ಕೂತಿರುತ್ತೆ.