ಹಳೆಯ ಬೆಳ್ಳಿ ಕಡಗ: ಅಸಲಿಯೋ, ನಕಲಿಯೋ?

ಹಂಪಿಯ ಬೀದಿಯಲ್ಲೋ ಗೋವಾದ ಸಂತೆಯಲ್ಲೋ ಕಪ್ಪಗಾದ ದಪ್ಪ ಕಡಗ ಕೈಗೆತ್ತಿಕೊಂಡರೆ ಸಾಕು, ‘ನೂರು ವರ್ಷದ್ದು, ಲಂಬಾಣಿಗಳದ್ದು’ ಎಂಬ ಮಾತು ಬರುತ್ತದೆ. ಇದ್ದರೂ ಇರಬಹುದು. ಆದರೆ ಕಪ್ಪು ಬಣ್ಣ ನೋಡಿ ನಂಬಬೇಡಿ. ಗಂಧಕದ ದ್ರಾವಣದಲ್ಲಿ ಅದ್ದಿದರೆ ಹೊಸ ಬೆಳ್ಳಿಯೂ ನಿಮಿಷಗಳಲ್ಲಿ ಕಪ್ಪಾಗುತ್ತದೆ.

ಮೊದಲು ಸವೆತ ನೋಡಿ. ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. ವರ್ಷಗಟ್ಟಲೆ ಕೈಯಲ್ಲಿದ್ದ ಕಡಗ ಒಂದೇ ಸಮ ಸವೆಯುವುದಿಲ್ಲ. ಪಕ್ಕದ ಬಳೆಗೆ ಉಜ್ಜುವ ಅಂಚು, ಉಬ್ಬಿದ ಗುಂಡುಗಳು ನುಣುಪಾಗಿ ಹೊಳೆಯುತ್ತವೆ. ಕಪ್ಪು ಉಳಿಯುವುದು ಸಂದುಗಳಲ್ಲಿ. ಎಲ್ಲ ಕಡೆ ಒಂದೇ ಕಪ್ಪಿದ್ದರೆ ಅನುಮಾನಪಡಿ.

ಆಮೇಲೆ ಭೂತಗನ್ನಡಿ ಹಿಡಿಯಿರಿ. ಕೈಯಿಂದ ಕೊರೆದ ಗೆರೆಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಎರಕದ ನಕಲಿನಲ್ಲಿ ಗೆರೆ ಮೊಂಡಾಗಿರುತ್ತದೆ, ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಎರಕ ಹಿಂದೆಯೂ ಇತ್ತು ಅನ್ನಿ, ಇದೊಂದರಿಂದಲೇ ತೀರ್ಮಾನ ಬೇಡ.

ಬೆಳ್ಳಿ ಹೌದೋ ಅಲ್ಲವೋ ನೋಡಲು ಆಯಸ್ಕಾಂತ ಸಾಲದು. ತಾಮ್ರ, ನಿಕಲ್, ಸತು ಬೆರೆಸಿದ ಜರ್ಮನ್ ಸಿಲ್ವರ್‌ ಕೂಡ ಸಾಮಾನ್ಯವಾಗಿ ಅದಕ್ಕೆ ಅಂಟುವುದಿಲ್ಲ. ಅದರಲ್ಲಿ ಬೆಳ್ಳಿ ಚೂರೂ ಇಲ್ಲ! ಹೀಗೆ ಮಾಡಿ: 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಕಡಗ ತೂಗಿ. ನಂತರ ನೀರಿನ ಬಟ್ಟಲು ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕಡಗವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಂಡ ಸಂಖ್ಯೆಯಿಂದ ಭಾಗಿಸಿ. 105 ಗ್ರಾಂ ಕಡಗಕ್ಕೆ 10 ಬಂದರೆ ಉತ್ತರ 10.5, ಅದು ಬೆಳ್ಳಿಯ ಸಾಂದ್ರತೆ. ತಾಮ್ರ ಬೆರೆತಷ್ಟೂ ಇಳಿಯುತ್ತದೆ. 8.7ರ ಆಸುಪಾಸು ಬಂದರೆ ಬೆಳ್ಳಿಯ ಬೆಲೆ ಕೊಡಬೇಡಿ. ಒಳಗೆ ಅರಗು ತುಂಬಿದ ಪೊಳ್ಳು ಕಡಗಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ನೋಡುವುದೂ ಮೇಲ್ಮೈಯನ್ನಷ್ಟೇ, ದಪ್ಪ ಲೇಪ ಅದನ್ನೂ ಏಮಾರಿಸುತ್ತದೆ.

ಕಾಲ ಹೇಳಲು ಕಡಗಕ್ಕೆ ಬೆಸೆದ ನಾಣ್ಯ ಅರ್ಧ ಸಾಕ್ಷಿ ಮಾತ್ರ. 1918ರ ರೂಪಾಯಿ ಇದ್ದರೆ ಅದನ್ನು ಬೆಸೆದದ್ದು 1918ಕ್ಕಿಂತ ಮೊದಲಲ್ಲ, ಅಷ್ಟೇ. ನಿನ್ನೆ ಬೆಸೆದದ್ದೂ ಆಗಿರಬಹುದು, ಅಲ್ವಾ? ಶುದ್ಧತೆ ತೋರಿಸುವ ಸರ್ಕಾರಿ ಗುರುತಾದ ಬಿಐಎಸ್ ಹಾಲ್‌ಮಾರ್ಕ್ ಇದ್ದರೆ ಆ ಮುದ್ರೆಯಂತೂ ಈ ಶತಮಾನದ್ದು.

ಇನ್ನು ಊರು. ಲಂಬಾಣಿಗಳು ತಮ್ಮ ಮೂಲ ರಾಜಸ್ಥಾನ ಎನ್ನುತ್ತಾರೆ. ಅಲ್ಲಿನ, ಇಲ್ಲಿನ ವಿನ್ಯಾಸಗಳು ಜಾಸ್ತಿ ಹೋಲುತ್ತವೆ. ಮಕರದ ಮುಖವಂತೂ ಎಲ್ಲೆಡೆ ಇದೆ. ಹಾಗಾಗಿ ಆಕಾರ ನೋಡಿ ಊರು ಹೇಳುವವರನ್ನು ಸುಮ್ನೆ ಒಪ್ಪಬೇಡಿ. ಯಾವ ತಾಂಡಾ, ಯಾರು ತೊಡುತ್ತಿದ್ದರು, ಹಳೆಯ ಫೋಟೊ ಇದೆಯೇ ಎಂದು ಕೇಳಿ.

ಲಂಬಾಣಿ ಮಹಿಳೆಯರ ತೋಳಿನ ಬಿಳಿ ಬಳೆಗಳು ಈಗ ಹೆಚ್ಚಾಗಿ ಪ್ಲಾಸ್ಟಿಕ್. ಬಳೆ ಮೂಳೆಯದಾದರೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅಡ್ಡ ಕತ್ತರಿಸಿದ ಜಾಗದಲ್ಲಿ ಒಂದನ್ನೊಂದು ದಾಟುವ ಗೆರೆಗಳಿದ್ದರೆ ಅದು ದಂತ. ಎಷ್ಟೇ ಹಳೆಯದಾದರೂ ಕೊಳ್ಳಬೇಡಿ, ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಕಡಗ ನಿಜಕ್ಕೂ ನೂರು ದಾಟಿದ್ದರೆ ಅದನ್ನು ವಿದೇಶದಲ್ಲಿರುವ ಮಗಳಿಗೆ ಪಾರ್ಸೆಲ್ ಮಾಡುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಅದನ್ನು ತಡೆಯುತ್ತದೆ.